ಚೀಲಕ್ಕೆ ಕಟ್ಟಿದ ಸೀರೆಯಂಚು

ಪುರಸಭೆಯ ಸಭೆಯಲ್ಲಿ, ಎಸ್ಟೇಟಿನವರು ಅರ್ಜಿಯೊಂದಿಗೆ ಕೊಟ್ಟಿದ್ದ ಆಲ್ಬಮ್ಮಿನ ಮೂರನೇ ಪುಟ ತಿರುಗಿಸಿದಾಗ ಗಂಗಾಮಣಿಗೆ ತನ್ನ ಹಳೆಯ ಸೀರೆ ಕಂಡಿತು. ಪೂರ್ತಿ ಸೀರೆಯಲ್ಲ, ಅಂಚಿನಿಂದ ಹರಿದ ಗೇಣುದ್ದದ ಹಸಿರು ಚೂರು. ಪೌರಕಾರ್ಮಿಕರ ಕಾಲೋನಿಯ ಜಗಲಿಯ ಮೇಲಿದ್ದ ಅಕ್ಕಿ ಚೀಲದ ಬಾಯಿಗೆ ಅದನ್ನು ಬಿಗಿದಿದ್ದರು. ಚೀಲದ ಹೊಟ್ಟೆಯ ಮೇಲೆ ದಪ್ಪ ಕಪ್ಪಕ್ಷರದಲ್ಲಿ ‘ಜೇನುಹಕ್ಲು ಎಸ್ಟೇಟ್’ ಎಂದಿತ್ತು. ಫೋಟೋದ ಕೆಳಗೆ ‘ಜೇನುಹಕ್ಲು ಟ್ರಸ್ಟ್ ವತಿಯಿಂದ ಕೊರೊನಾ ನೆರವು’ ಎಂದು ಬಣ್ಣದಲ್ಲಿ ಅಚ್ಚು ಹಾಕಿಸಿದ್ದರು.

"ನೋಡಿದ್ರಲ್ಲಮ್ಮ, ಫೋಟೋದಲ್ಲಿ ಎಸ್ಟೇಟಿನ ಹೆಸರಿದೆ. ನಿಮ್ಮ ಸಂಘದ ಹೆಸರು ಎಲ್ಲೂ ಇಲ್ಲ. ನಾನೇನು ಮಾಡಲಿ ಹೇಳಿ?" ಎಂದರು ಮುಖ್ಯಾಧಿಕಾರಿ.

ಕೊರೊನಾ ಕಾಲದಲ್ಲಿ ಪಟ್ಟಣದ ಜನರ ಕೈಹಿಡಿದ ಒಂದು ಸ್ಥಳೀಯ ಸಂಸ್ಥೆಗೆ ಎರಡು ಲಕ್ಷ ಕೊಡುವುದೆಂದು ಪುರಸಭೆ ತೀರ್ಮಾನಿಸಿತ್ತು. ಬಂದದ್ದು ಎರಡೇ ಅರ್ಜಿ. ಒಂದು ಕಾಫಿ ಎಸ್ಟೇಟ್ ಮಾಲೀಕ ಪ್ರತಾಪ್ ಅವರ ಟ್ರಸ್ಟಿನದು, ಇನ್ನೊಂದು ಅದೇ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳ ಹದಿನಾರು ಹೆಂಗಸರ ಸಂಘದ್ದು. ಆ ದುಡ್ಡು ಬಂದರೆ ಲೈನಿಗೊಂದು ಆಕ್ಸಿಜನ್ ಮಿಷಿನ್ ತರಬೇಕೆಂದು ಅವರ ಆಸೆ. ಎರಡನೇ ಅಲೆಯಲ್ಲಿ ಆ ಹದಿನಾರರಲ್ಲೊಬ್ಬಳಾದ ಚೌಡಮ್ಮನಿಗೆ ಉಸಿರು ಸಿಕ್ಕದೆ ಜೀಪಿನಲ್ಲಿ ಹಾಸನಕ್ಕೆ ಹೊರಟಿದ್ದರು. ಆಲೂರು ದಾಟುವ ಮುಂಚೆ ಗಂಗಾಮಣಿಯ ತೊಡೆಯ ಮೇಲೇ ಅವಳ ಪ್ರಾಣ ಹೋಗಿತ್ತು.

ಅಕ್ಕಿಯ ವಿಷಯ ಅದಕ್ಕೂ ಹಿಂದಿನದು. ಮೊದಲ ಲಾಕ್‌ಡೌನಿನಲ್ಲಿ ಕಾಲೋನಿಯವರ ಮನೆಗಳಲ್ಲಿ ಒಲೆ ಹತ್ತುತ್ತಿಲ್ಲವೆಂದು ಗೊತ್ತಾಗಿ, ಈ ಹದಿನಾರು ಜನ ತಮ್ಮ ಪಡಿತರದ ಅರ್ಧ ಅಕ್ಕಿ ಎತ್ತಿಟ್ಟು, ಮೂರು ಮೈಲಿ ತಲೆಯ ಮೇಲೆ ಹೊತ್ತು ತಲುಪಿಸಿದ್ದರು. ತುಂಬಲು ಚೀಲವಿರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸ್ಟ್ಯಾನಿ ಸ್ಟೋರಿನ ಬೀಗ ತೆಗೆದು ಖಾಲಿ ಚೀಲ ಕೊಟ್ಟ. ತಪ್ಪಾಗಿದ್ದು ಅಲ್ಲೇ. ಖಾಲಿ ಚೀಲಕ್ಕೂ ಒಬ್ಬ ಯಜಮಾನನಿರುತ್ತಾನೆಂದು ಆ ಹಸಿವಿನ ದಿನಗಳಲ್ಲಿ ಯಾರಿಗೆ ಹೊಳೆಯಬೇಕು? ಯಜಮಾನರಾದರೋ ಆಗ ಮೈಸೂರಿನ ಮನೆಯ ಗೇಟು ಹಾಕಿಕೊಂಡು, ತರಕಾರಿಗೂ ಸೋಪು ಹಚ್ಚಿ ತೊಳೆಸುತ್ತಿದ್ದರು.

"ಇವ್ರೆಲ್ಲ ನಮ್ಮ ಲೈನಿನವ್ರೇ ಸಾರ್. ನಾನು ಹೇಳಿದ್ದಕ್ಕೆ ಹೊತ್ಕೊಂಡು ಬಂದ್ರು, ಪಾಪ," ಎಂದರು ಎದುರು ಕುರ್ಚಿಯಲ್ಲಿದ್ದ ಪ್ರತಾಪ್, ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಹೆಂಗಸರತ್ತ ಕೈ ತೋರಿಸಿ. "ಮಿಷಿನ್ ತಾನೆ? ಟ್ರಸ್ಟಿಂದ ನೋಡೋಣ."

ಅವರ ‘ನೋಡೋಣ’ ಎಂಥದ್ದೆಂದು ಲೈನಿಗೆಲ್ಲ ಗೊತ್ತಿತ್ತು. ಕಕ್ಕಸಿನ ಮುರಿದ ಬಾಗಿಲನ್ನು ಅವರು ಆರು ವರ್ಷದಿಂದ ನೋಡುತ್ತಲೇ ಇದ್ದರು.

"ಅಕ್ಕಿ ನಮ್ದು ಸಾರ್," ಎಂದಳು ಗಂಗಾಮಣಿ.

ಪ್ರತಾಪ್ ಅವಳತ್ತ ತಿರುಗಿದರು. ದನಿ ಏರಿಸಲಿಲ್ಲ. "ಗಂಗಾಮಣಿ, ಕೊಯ್ಲು ಶುರುವಾಗ್ತಾ ಐತೆ. ಲೈನ್ ಮನೆ ಬೇಕು ಅಂತ ಎಷ್ಟೋ ಜನ ಕಾಯ್ತಾವ್ರೆ. ಯೋಚ್ನೆ ಮಾಡಿ ಮಾತಾಡು."

ಇಪ್ಪತ್ತೆರಡು ವರ್ಷ ಬಾಳಿದ ಮನೆ. ಅದರ ಒಲೆ, ಸೂರಿನ ಕೆಳಗೆ ಸಿಕ್ಕಿಸಿದ ಕುಡುಗೋಲು ಎಲ್ಲ ಒಮ್ಮೆಗೇ ಅವಳ ಕಣ್ಣಿಗೆ ಕಟ್ಟಿದವು. ಹೆದರಿಕೆಯಾಯಿತು, ಸುಳ್ಳಲ್ಲ. ಆದರೆ ಅವಳು ಆಲ್ಬಮ್ಮನ್ನು ಎತ್ತಿಕೊಂಡು, ಮಾಲೀಕರ ಬ್ಯಾಗು ಹಿಡಿದು ಬಾಗಿಲ ಬಳಿ ನಿಂತಿದ್ದ ಸ್ಟ್ಯಾನಿಯ ಮುಂದೆ ಹೋಗಿ ನಿಂತಳು.

"ರೈಟರ್ರೇ, ಸಂಜೆ ತೂಕದಾಗೆ ಕೂಗ್ತೀರಲ್ಲ, ಹಂಗೇ ಕೂಗ್ಬುಡಿ. ಈ ಚೀಲ ಯಾರ್ದು?"

ಕೊಯ್ಲಿನ ಸಂಜೆ ಕಣದಲ್ಲಿ ಕಾಫಿ ಹಣ್ಣಿನ ಚೀಲಗಳು ರಾಶಿ ಬೀಳುತ್ತವೆ. ಅದಲುಬದಲಾಗದಿರಲೆಂದು ಒಬ್ಬೊಬ್ಬಳೂ ತನ್ನ ಹಳೆ ಸೀರೆಯ ಚೂರನ್ನು ತನ್ನ ಚೀಲಕ್ಕೆ ಕಟ್ಟುತ್ತಾಳೆ. ರೈಟರ್ ಆ ಬಟ್ಟೆ ನೋಡಿ ಹೆಸರು ಕೂಗುತ್ತಾನೆ, ಅವಳು ‘ಬಂತು’ ಅನ್ನುತ್ತಾಳೆ, ತೂಕವಾಗುತ್ತದೆ. ಅಲ್ಲಿಯವರೆಗೆ ಹಣ್ಣು ಅವಳದು. ಆಮೇಲೆ ಬಟ್ಟೆ ಬಿಚ್ಚಿ ಅವಳ ಕೈಗೆ ಕೊಟ್ಟು, ಚೀಲದ ಬಾಯಿಗೆ ಸೆಣಬಿನ ಹುರಿಯ ಹೊಲಿಗೆ ಹಾಕಿದರೆ ಎಸ್ಟೇಟಿನದು. ಅಕ್ಕಿ ಚೀಲಕ್ಕೂ ಅವರ ಕೈಗಳು ಅದೇ ರೂಢಿಯಲ್ಲಿ ಬಟ್ಟೆ ಕಟ್ಟಿದ್ದವು. ಇಪ್ಪತ್ತು ವರ್ಷ ಕೂಗಿದ ಸ್ಟ್ಯಾನಿಗೆ ಲೈನಿನ ಒಂದೊಂದು ಸೀರೆಯೂ ಬಾಯಿಪಾಠ.

ಸ್ಟ್ಯಾನಿ ಫೋಟೋ ನೋಡಿದ. ಮಾಲೀಕರ ಮುಖ ನೋಡಿದ. ಕೈಯಲ್ಲಿದ್ದ ಬ್ಯಾಗನ್ನು ಮೆಲ್ಲಗೆ ನೆಲಕ್ಕಿಟ್ಟ.

"ಗಂಗಾಮಣೀ," ಎಂದು ಕಣದ ದನಿಯಲ್ಲೇ ಕೂಗಿದ.

"ಬಂತು," ಎಂದಳು ಅವಳು. ಪುಟ ತಿರುಗಿಸಿದಳು.

"ಕಲ್ಯಾಣಮ್ಮಾ."

"ಬಂತು!" ಹಿಂದಿನ ಸಾಲಿನಿಂದ ಕಲ್ಯಾಣಮ್ಮ ಎದ್ದು ನಿಂತಳು.

"ಮಾದೇವಮ್ಮಾ."

"ಬಂತು!"

ಆಮೇಲೆ ಕೆಂಪು ಚುಕ್ಕಿಯ ಬಟ್ಟೆ ಬಂತು. "ಚೌಡಮ್ಮಾ," ಎಂದ ಸ್ಟ್ಯಾನಿ.

"ಬಂತು," ಎಂದಳು ಗಂಗಾಮಣಿ, ಮುಖ್ಯಾಧಿಕಾರಿಯ ಮುಖವನ್ನೇ ನೋಡುತ್ತ.

"ನಮ್ಮ ಸ್ಟೋರಿಂದ ಹೊರಟ ಮಾಲಾಗಿದ್ರೆ ಹುರಿ ಹೊಲಿಗೆ ಇರ್ತಿತ್ತು ಸಾರ್," ಎಂದ ಸ್ಟ್ಯಾನಿ. "ಇದ್ರಲ್ಲಿ ಒಂದಕ್ಕೂ ಇಲ್ಲ. ಖಾಲಿ ಚೀಲ ಕೊಟ್ಟವ ನಾನೇ. ಅಕ್ಕಿ ಇವರದ್ದು."

"ಸ್ಟ್ಯಾನಿ, ಬ್ಯಾಗ್ ತಗೊಂಡು ಕಾರಿಗೆ ನಡಿ," ಎಂದರು ಪ್ರತಾಪ್.

ಸ್ಟ್ಯಾನಿ ಬಾಗಲಿಲ್ಲ. ಬ್ಯಾಗು ನೆಲದ ಮೇಲೇ ಇತ್ತು.

ಮುಖ್ಯಾಧಿಕಾರಿ ಎರಡೂ ಅರ್ಜಿಗಳನ್ನೂ ಆಲ್ಬಮ್ಮನ್ನೂ ಒಂದೇ ಫೈಲಿಗೆ ಸೇರಿಸಿದರು. "ನೀವು ಹೇಳೋದು ಗಮನಕ್ಕೆ ಬಂತು. ಮುಂದಿನ ಸಭೆಗೆ ಇಡೋಣ."

ಮುಂದಿನ ಸಭೆಯೊಳಗೆ ಫೈಲಿನಿಂದ ಏನೇನು ಜಾರಿಹೋಗಬಹುದೆಂದು ತಿಳಿಯದಷ್ಟು ದಡ್ಡಿಯಲ್ಲ ಗಂಗಾಮಣಿ. ಸಭೆಗೆಂದೇ ಉಟ್ಟು ಬಂದಿದ್ದ ನೀಲಿ ಸೀರೆಯ ಸೆರಗನ್ನು ಹಲ್ಲಿಗೆ ಕೊಟ್ಟು ಪರ್ರನೆ ಒಂದು ಚೂರು ಹರಿದಳು. ಮೇಜಿನ ಮೇಲಿದ್ದ ಫೈಲಿಗೆ ಅದನ್ನು ಸುತ್ತಿ ಗಂಟು ಹಾಕಿದಳು.

"ಏನಮ್ಮಾ ಇದು?"

"ತೂಕ ಆಗೋಗಂಟ ನಮ್ದು ಸಾರ್. ಬಿಚ್ಚೋದಾದ್ರೆ ನಮ್ಮ ಕಣ್ಮುಂದೇನೇ ಬಿಚ್ಬೇಕು."

"ನಾಳೆ ಸಂಜೆಯೊಳಗೆ ಮನೆ ಖಾಲಿ ಮಾಡು," ಎಂದರು ಪ್ರತಾಪ್. ಈ ಸಲ ದನಿ ಏರಿತ್ತು.

"ಹದಿನೈದು ಮನೆನೂ ಒಟ್ಟಿಗೇ ಖಾಲಿ ಮಾಡ್ಸಿ ಸಾರ್," ಎಂದಳು ಹಿಂದಿನಿಂದ ಕಲ್ಯಾಣಮ್ಮ. "ಚೌಡಮ್ಮಂದು ಹೆಂಗೂ ಖಾಲಿ ಬಿದ್ದೈತೆ. ಹಣ್ಣು ಗಿಡದಾಗೇ ಕಪ್ಪಾಗ್ಲಿ, ನೀವೇ ಬಂದು ಕುಯ್ಕಳಿ."

ಗಂಗಾಮಣಿ ಹೋಗಿ ಬೆಂಚಿನ ಮೇಲೆ ಕೂತಳು. ಎದ್ದು ನಿಂತವರೆಲ್ಲ ಒಬ್ಬೊಬ್ಬರಾಗಿ ಅವಳ ಪಕ್ಕ ಕೂತರು. ಎದ್ದು ಹೋಗುವ ಲಕ್ಷಣ ಯಾರಲ್ಲೂ ಕಾಣಲಿಲ್ಲ. ಗುಮಾಸ್ತ ಗಂಟಿಗೆ ಕೈ ಹಾಕಹೋಗಿ, ಅವರತ್ತ ನೋಡಿ, ಕೈ ಹಿಂದೆಗೆದುಕೊಂಡ. ಫೈಲನ್ನು ಹಾಗೇ ಒಯ್ದು ಕಬ್ಬಿಣದ ಬೀರುವಿನಲ್ಲಿಟ್ಟು ಬಾಗಿಲು ಒತ್ತಿದ. ಬೀಗ ಬಿತ್ತು. ನೀಲಿ ಚೂರಿನ ತುದಿ ಮಾತ್ರ ಹೊರಗೇ ಉಳಿಯಿತು.