ಮೊದಲ ಹಣ್ಣು

"ಹೆಬ್ಬೆಟ್ಟು ಒತ್ತು ಕಲ್ಯಾಣಮ್ಮ. ಲೈನಿನೋರೆಲ್ಲ ಒತ್ತವ್ರೆ," ಎಂದು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಿಮ್ಮಯ್ಯ ಇಂಕಿನ ಪ್ಯಾಡನ್ನು ಮುಂದೆ ತಳ್ಳಿದ.

"ಹೆಬ್ಬೆಟ್ಟು ಯಾಕಣ್ಣ? ಸೈನ್ ಮಾಡಕ್ ಬತ್ತದೆ ನಂಗೆ. ಓದ್ದೆ ಮಾತ್ರ ಮಾಡಾಕಿಲ್ಲ."

ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಯಸಳೂರಿನ ಮೇಲಿನ ಆ ಎಸ್ಟೇಟು ಯುಗಾದಿಯ ಹೊತ್ತಿಗೆ ಕೈ ಬದಲಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹೊಸ ಸಾವ್ಕಾರರಿಗೂ ಆಳುಗಳ ಲೈನು ಮನೆಗಳ ಜಾಗದಲ್ಲಿ ಹೋಮ್‌ಸ್ಟೇ ಕಟ್ಟಿಸುವ ಆತುರ. ಕಾಗದಕ್ಕೆ ಒಪ್ಪಿದವರು ಕುಯ್ಲು ಮುಗಿದ ಮೇಲೆ ಮನೆ ಬಿಡಬೇಕು. ಅದನ್ನು ತಿಮ್ಮಯ್ಯ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಕಲೇಶಪುರದ ಕಾಲೇಜಿಗೆ ಹೋಗುವ ಮಗಳು ನವ್ಯಶ್ರೀ ಪೂರ್ತಿ ಓದಿ ಹೇಳಿದಳು. ಅಮ್ಮನ ಹೆಸರಿನ ಮುಂದೆ 'ಕ್ಯಾಶುಯಲ್' ಎಂದಿತ್ತು.

"ಹಂಗಂದ್ರೆ?"

ನವ್ಯಶ್ರೀ ಫೋನಿನಲ್ಲಿ ಡಿಕ್ಷನರಿ ತೆಗೆದಳು. "ಲ್ಯಾಟಿನ್ ಅಂತ ಹಳೇ ಭಾಷೆ ಅಮ್ಮ. ಅದ್ರಲ್ಲಿ ಬೀಳೋದು ಅನ್ನೋ ಮಾತಿಂದ ಬಂದೈತೆ. ಅಕಸ್ಮಾತ್ ಬಿದ್ದಿದ್ದು, ಹೆಂಗೋ ಆಗಿದ್ದು. ಈಗ ಮನೇಲಿ ಹಾಕ್ಕೊಳೋ ಬಟ್ಟೆಗೂ ಅಂತಾರೆ, ಆಫೀಸ್ನೋರ ರಜಕ್ಕೂ ಅಂತಾರೆ, ಕಾಯಂ ಅಲ್ದಿರೋ ಆಳ್ಗೂ ಅಂತಾರೆ."

ಕಲ್ಯಾಣಮ್ಮನಿಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೇಳು ವರ್ಷದಿಂದ ಅಕಸ್ಮಾತ್ ಬತ್ತಾ ಇದೀನಾ ನಾನು? ನಿನ್ನ ಹೆತ್ತಿದ್ದೂ ಇದೇ ಲೈನಲ್ಲೇ ಕಣೇ. ಅದೂ ಅಕಸ್ಮಾತ್ತಾ?"

"ಪದ ಯಾವ್ದಾದ್ರೇನು ಮಾರಾಯ್ತಿ," ಎಂದ ತಿಮ್ಮಯ್ಯ.

"ಯಾವ್ದಾದ್ರೇನು ಅಂದ್ರೆ ಬೇರೆ ಪದ ಬರ್ಕೊಡು."

ತಿಮ್ಮಯ್ಯ ಪ್ಯಾಡು ಮುಚ್ಚಿಕೊಂಡು ಹೋದ.

ಮರುದಿನ ಅರೇಬಿಕಾ ಕುಯ್ಲಿನ ಮೊದಲ ದಿನ. ಸಿಲ್ವರ್ ಮರದ ಬುಡದ ಕಲ್ಲಿಗೆ ಕುಂಕುಮ ಹಚ್ಚಿ, ಲೈನಿನ ಹಿರಿಯಳು ಮೊದಲ ಬೊಗಸೆ ಹಣ್ಣು ಕೊಯ್ದು ಅಲ್ಲಿಡಬೇಕು. ಅಲ್ಲಿಯವರೆಗೆ ಗಿಡಕ್ಕೆ ಯಾರೂ ಕೈ ಹಾಕುವಂತಿಲ್ಲ. ಹನ್ನೊಂದು ವರ್ಷದಿಂದ ಆ ಬೊಗಸೆ ಕಲ್ಯಾಣಮ್ಮನದು.

ಹದಿನಾಲ್ಕು ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾದರು. ಕಲ್ಯಾಣಮ್ಮ ಕಲ್ಲಿನ ಪಕ್ಕ ಕೂತಿದ್ದಳು, ಚೀಲವನ್ನೂ ಕಟ್ಟಿರಲಿಲ್ಲ. ಹೊಸ ಮ್ಯಾನೇಜರ್ ಚಂದ್ರಶೇಖರ ಜೀಪಿನಿಂದ ಇಳಿದು ಗಡಿಯಾರ ನೋಡಿದ.

"ಯಾಕೆ ಶುರು ಮಾಡಿಲ್ಲ?"

"ನಾನು ಕ್ಯಾಶುಯಲ್ ಆಳು ಸಾರ್," ಎಂದಳು ಕಲ್ಯಾಣಮ್ಮ, ಕೂತಲ್ಲಿಂದಲೇ. "ಮೊದ್ಲ ಹಣ್ಣು ಕುಯ್ಯೋದು ಈ ಎಸ್ಟೇಟ್ನೋರು. ಕಾಯಂ ಇರೋರು ಯಾರಾರ ಇದ್ರೆ ಕರೀರಿ."

ಯಾರೂ ಇರಲಿಲ್ಲ. ಎಲ್ಲರನ್ನೂ ನಿನ್ನೆಯೇ ಕ್ಯಾಶುಯಲ್ ಎಂದು ಬರೆದಾಗಿತ್ತು. ಮ್ಯಾನೇಜರ್ ಹತ್ತಿರವಿದ್ದ ಮಾರಮ್ಮನ ಕಡೆ ತಿರುಗಿದ. "ನೀನು ಕೊಯ್ಯಮ್ಮ."

ನಿನ್ನೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ಮಾರಮ್ಮ. ಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ. ಅವಳು ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹಿರೀಕ್ರು ಮುಟ್ದೆ ನಾವ್ ಮುಟ್ಟಾಕಿಲ್ಲ ಸಾರ್."

ಉಳಿದವರು ಒಬ್ಬೊಬ್ಬರಾಗಿ ಸೊಂಟದ ಚೀಲ ಬಿಚ್ಚತೊಡಗಿದರು. ತಿಮ್ಮಯ್ಯ ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದ.

ಪಕ್ಕದ ಗಿಡದಿಂದ ಕಳಿತ ಹಣ್ಣೊಂದು ತಾನಾಗಿ ಕಳಚಿ ನೆಲಕ್ಕೆ ಬಿತ್ತು. ಯಾರೂ ಬಗ್ಗಲಿಲ್ಲ.