ಚುಕ್ಕೆಯಲ್ಲ, ಥಾಲಮಸ್

ನಾನು ಒಂದು ಥಾಲಮಸ್. ನೀಲಾಂಬಿಕೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಮಿದುಳಿನ ನಟ್ಟನಡುವೆ ಹುಟ್ಟಿದೆ. ಪಾರಿವಾಳದ ಎರಡು ಮೊಟ್ಟೆಗಳನ್ನು ಅಕ್ಕಪಕ್ಕ ಇಟ್ಟಂತೆ ನನ್ನ ಆಕಾರ. ಎಲ್ಲರೂ ನನ್ನನ್ನು ಅಂಚೆ ಕಚೇರಿ ಎನ್ನುತ್ತಾರೆ. ಕಣ್ಣು, ಕಿವಿ ಕಳಿಸಿದ್ದನ್ನು ಮೇಲಕ್ಕೆ ಮುಟ್ಟಿಸುವುದಷ್ಟೇ ನನ್ನ ಕೆಲಸವಂತೆ! ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ನೀಲಾಂಬಿಕೆ ಹರಿಹರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದಳು. ಖೋ ಖೋ ಅವಳ ಪ್ರಾಣ. ಎದುರಾಳಿಗಳು ತನ್ನ ಹುಡುಗಿಯರ ಉಪಾಯ ಅರಿತರೆಂದು ಕಂಡ ಕೂಡಲೇ ಆಟದ ನಡುವೆಯೇ ಅದನ್ನು ಬದಲಿಸುತ್ತಿದ್ದಳು. ಆಗ ಹಣೆಯ ಹಿಂದಿನ ಮಿದುಳಿಗೆ ಒತ್ತಾಸೆಯಾಗಿ ನಿಂತು, ಹಳೆಯದನ್ನು ಬಿಡಿಸಿ ಹೊಸದನ್ನು ಹಿಡಿಸುತ್ತಿದ್ದುದು ನಾನು. ಇಂದು ಕಂಡದ್ದು ನಾಳೆಗೂ ಉಳಿಯಲೆಂದು ನೆನಪಿನ ಬಳಗದ ಜೊತೆ ದುಡಿಯುತ್ತಿದ್ದುದೂ ನಾನೇ. ನನ್ನ ಹೆಸರು ಯಾರೂ ಎತ್ತಲಿಲ್ಲ. ಇರಲಿ, ಅವಳು ಗೆಲ್ಲುತ್ತಿದ್ದಳಲ್ಲ.

ಒಂದು ಬೆಳಿಗ್ಗೆ ನನಗೆ ರಕ್ತ ತರುವ ಸಣ್ಣ ನಾಳ ಕಟ್ಟಿಕೊಂಡಿತು. ನನ್ನದೊಂದು ಭಾಗ ಸತ್ತಿತು. ಅವಳ ಕೈಕಾಲು ಬೀಳಲಿಲ್ಲ, ಮಾತು ತೊದಲಲಿಲ್ಲ; ವಿಪರೀತ ನಿದ್ದೆ ಮಾತ್ರ. ಸ್ಕ್ಯಾನ್ ನೋಡಿದವರು, "ಸಣ್ಣ ಚುಕ್ಕೆ ಅಷ್ಟೆ, ಗಾಬರಿ ಬೇಡ" ಎಂದು ಮನೆಗೆ ಕಳಿಸಿಬಿಟ್ಟರು.

ಚುಕ್ಕೆಯಂತೆ!

ಶಾಲೆಗೆ ಮರಳಿದವಳು ಒಂದೇ ಉಪಾಯಕ್ಕೆ ಅಂಟಿಕೊಂಡಳು. ಹುಡುಗಿಯರು ಸೋತು ಬಂದು, "ಅವ್ರಿಗೆ ಗೊತ್ತಾಗಿದೆ ಟೀಚರ್, ಬೇರೆ ಹೇಳ್ಕೊಡಿ" ಎಂದರೆ ಹೂಂ ಎಂದು ತಲೆಯಾಡಿಸುತ್ತಿದ್ದಳು. ಮತ್ತೆ ಅದನ್ನೇ ಆಡಿಸುತ್ತಿದ್ದಳು.

ಒಂದು ದಿನ ಅವಳು ಹುಡುಗಿಯರನ್ನು ಮೈದಾನಕ್ಕೆ ಇಳಿಸಿದಾಗ ಮುಖ್ಯೋಪಾಧ್ಯಾಯ ಚನ್ನವೀರಪ್ಪನವರು ಎಲ್ಲರೆದುರು ಗದರಿದರು. "ಏನ್ ಹಠ ಮೇಡಂ ನಿಮ್ದು? ಇವತ್ತು ಮೈದಾನ ಖಾಲಿ ಇಲ್ಲ ಅಂತ ಬೆಳಗ್ಗೆನೇ ಹೇಳಿದ್ನಲ್ಲ!"

"ಯಾವಾಗ ಹೇಳಿದ್ರಿ ಸಾರ್?"

"ನಾಟ್ಕ ಆಡ್ಬೇಡಿ."

ಅವಳ ಮುಖ ಸಣ್ಣದಾಯಿತು. ಹೊಸ ಮಾತು ಅವಳಲ್ಲಿ ನಿಲ್ಲದಂತೆ ಮಾಡಿದ್ದು ನನ್ನ ಗಾಯ. ಬೈಸಿಕೊಂಡದ್ದು ಅವಳು. ಇದೆಲ್ಲಿಯ ನ್ಯಾಯ?

ತಂಗಿ ಗಿರಿಜೆ ಸುಮ್ಮನಿರಲಿಲ್ಲ. ಅಕ್ಕನನ್ನು ದಾವಣಗೆರೆಗೆ ಕರೆದೊಯ್ದು ಬೇರೆ ವೈದ್ಯೆಗೆ ತೋರಿಸಿದಳು. ಆಕೆ ಸ್ಕ್ಯಾನಿನ ಮೇಲೆ ಬೆರಳಿಟ್ಟರು. "ಇದು ಹಠ ಅಲ್ಲಮ್ಮ. ಥಾಲಮಸ್‌ಗೆ ಪೆಟ್ಟು ಬಿದ್ದಿದೆ. ಒಂದೊಂದೇ ವಿಷಯ ಹೇಳಿ, ನಿಧಾನಕ್ಕೆ ಹೇಳಿ, ಮತ್ತೆ ಮತ್ತೆ ಹೇಳಿ." ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಹೆಸರು ಹಿಡಿದು ಕರೆದರು.

ಗಿರಿಜೆ ಅಕ್ಕನೊಡನೆ ನೇರ ಶಾಲೆಗೆ ಹೋಗಿ ವೈದ್ಯೆ ಹೇಳಿದ್ದನ್ನು ತಿಳಿಸಿದಳು. ಚನ್ನವೀರಪ್ಪನವರು, "ಪಾಪ, ಬುದ್ಧಿನೇ ಹೋಗಿದೆ ಅನ್ನಿ" ಎಂದರು. ಗಿರಿಜೆ ಬಾಯಿ ತೆರೆಯುವ ಮೊದಲೇ ನೀಲಾಂಬಿಕೆ ಎದ್ದು ನಿಂತಳು.

"ಬುದ್ಧಿ ಹೋಗಿಲ್ಲ ಸಾರ್. ನಿಧಾನಕ್ಕೆ ಹೇಳಿ, ಹಿಡ್ಕೋತೀನಿ. ಹಿಡ್ಕೊಳ್ಳೋವರೆಗೂ ಹೇಳಿ."

ಆ ಮಾತಿಗೆ ಬೇಕಾದ ಬಲವನ್ನೆಲ್ಲ, ಉಳಿದಷ್ಟರಲ್ಲೇ, ಒಟ್ಟುಮಾಡಿ ಕೊಟ್ಟೆ.

ಅವಳು ನಿವೃತ್ತಿಯವರೆಗೂ ಮೈದಾನದಲ್ಲೇ ಇದ್ದಳು, ಜೊತೆಗೊಬ್ಬ ಸಹಶಿಕ್ಷಕಿಯನ್ನು ಇಟ್ಟುಕೊಂಡು. ಈಗ ಅವಳಿಗೂ ನನಗೂ ಮುಪ್ಪು. ಚನ್ನವೀರಪ್ಪನವರು ಆಗಾಗ ಮನೆಗೆ ಬರುತ್ತಾರೆ. ಅವರು ಬೈದದ್ದು ಅವಳಲ್ಲಿ ಉಳಿದೇ ಇಲ್ಲ. ನಗುನಗುತ್ತ ಕಾಫಿ ಕೊಡುತ್ತಾಳೆ.

ನನಗಿನ್ನೂ ಸಿಟ್ಟು ಇಳಿದಿಲ್ಲ.