ಒಲೆಗೆ ಹೋದ ಹಾಳೆಗಳು

ಇದನ್ನು ಹೇಳಲು ನಾನು ಯಾರು? ಬೇಕರಿಯಲ್ಲಿ ಹಿಟ್ಟು ನಾದುವವಳು, ಸಂಜೆ ತರಗತಿಯಲ್ಲಿ ಕಲಿತಷ್ಟೇ ನನ್ನ ಓದು. ಆದರೆ ತಪ್ಪು ಲೆಕ್ಕ ಹೇಳಿಕೊಟ್ಟವಳೂ ನಾನೇ. ಕ್ಷಮಿಸಿ, ಹೇಳಿಬಿಡುತ್ತೇನೆ.

ನಮ್ಮ ಸೆಯ್ನಿ ಊರಿನಲ್ಲಿ, ಪಕ್ಕದ ಮನೆಯ, ನನ್ನ ಜೊತೆ ಬೇಕರಿಯಲ್ಲೇ ದುಡಿಯುವ ಬೊಗ್ನಾಳಿಗೆ ಏಪ್ರಿಲ್‌ನಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಗಾಯ ಮಾಗಬೇಕು, ಒಂದೂವರೆ ವರ್ಷ ಮತ್ತೆ ಬಸುರಾಗಬೇಡ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಬಸುರು ತಡೆಯುವ ಮಾತ್ರೆ ಅವಳಿಗೆ ಒಗ್ಗಲಿಲ್ಲ. ಬೇರೆ ದಾರಿ ಏನೆಂದು ನನ್ನನ್ನು ಕೇಳಿದಳು. ಮುಟ್ಟಿನ ಮೊದಲ ದಿನದಿಂದ ಹದಿನಾಲ್ಕನೆಯ ದಿನ ಅಂಡ ಹೊರಬರುತ್ತದೆ, ಅದರ ಆಚೀಚೆ ಎರಡು ದಿನ ದೂರವಿದ್ದರೆ ಸಾಕು ಎಂದು, ಎಂದೋ ಕೇಳಿದ್ದನ್ನು ಅರ್ಧಂಬರ್ಧ ಒಪ್ಪಿಸಿದೆ.

ಬೊಗ್ನಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಗಳಿಗೆ ಗುರುತು ಹಾಕಿದಳು. ಅದು ದಿನಕ್ಕೊಂದು ಹಾಳೆಯದು. ಅವಳ ಅತ್ತೆ ಗೆನೋವೆಫಾ ಬೆಳಿಗ್ಗೆ ಎದ್ದವಳೇ ನಿನ್ನೆಯ ಹಾಳೆ ಹರಿದು ಒಲೆ ಹೊತ್ತಿಸುವವಳು. ಗುರುತುಗಳೆಲ್ಲ ಬೂದಿಯಾದವು.

ಕ್ರಿಸ್ಮಸ್‌ಗೆ ಎರಡು ದಿನವಿತ್ತು. ಮೂವರೂ ಕೂತು ಪಿಯೆರೋಗಿ ಕಡುಬಿಗೆ ಹೂರಣ ತುಂಬುತ್ತಿದ್ದೆವು. ಎಲೆಕೋಸಿನ ವಾಸನೆಗೆ ಬೊಗ್ನಾ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಮುಟ್ಟು ಬಂದಿಲ್ಲವಂತೆ.

"ಹೋದ ಸಲ ಬಂದದ್ದು ಸಂತ ಮಾರ್ಚಿನ್ ದಿನ ಕಣೆ," ಎಂದಳು ಅತ್ತೆ. "ಹಬ್ಬದ ಹೆಬ್ಬಾತು ಸೀದುಹೋಗಿತ್ತಲ್ಲ."

"ಇಲ್ಲ ಅತ್ತೆ, ಸಂತ ಎಲ್ಜ್‌ಬಿಯೆತಾ ದಿನ," ಎಂದಳು ಬೊಗ್ನಾ.

ಒಂದು ನವೆಂಬರ್ ಹನ್ನೊಂದು, ಇನ್ನೊಂದು ಹತ್ತೊಂಬತ್ತು. ಎರಡರ ನಡುವೆ ಎಂಟು ದಿನ. ನನ್ನ ಕೈಯೊಳಗಿನ ಕಡುಬು ಹರಿಯಿತು.

ಮರುದಿನ ಸೂಲಗಿತ್ತಿ ಇರ್ಮಿನಾ ಅವರ ಚಿಕಿತ್ಸಾಲಯಕ್ಕೆ ಹೋದೆವು. ಕೂಸನ್ನು ಎತ್ತಿಕೊಂಡು ಅತ್ತೆಯೂ ಬಂದಳು. ಪರೀಕ್ಷೆಯಲ್ಲಿ ಬಸುರು ಕಾಣಲಿಲ್ಲ. ಆದರೆ ದಿನದ ಲೆಕ್ಕವೇ ಇಲ್ಲವಲ್ಲ, ವಾರ ಬಿಟ್ಟು ಮತ್ತೆ ನೋಡಬೇಕು ಎಂದರು ಇರ್ಮಿನಾ.

"ಹದಿನಾಲ್ಕು ಅನ್ನೋದು ಎಲ್ಲರಿಗೂ ಒಂದೇ ಅಲ್ಲಮ್ಮ. ಹಾಲು ಕುಡಿಸ್ತಿದ್ದೀಯ, ಬೇಕರೀಲಿ ಪಾಳಿ ಬದಲಾಗ್ತಿರುತ್ತೆ. ಮೈ ಗೋಡೆ ಕ್ಯಾಲೆಂಡರ್ ನೋಡ್ಕೊಂಡು ನಡೆಯಲ್ಲ."

ಮೈಯನ್ನೇ ಓದುವುದನ್ನು ಕಲಿಯಬೇಕು ಎಂದರು. ಗಂಡಿನ ಬೀಜ ಒಳಗೆ ಐದು ದಿನವೂ ಬದುಕಬಹುದು, ಹಾಗಾಗಿ ಅಂಡ ಬರುವ ಮುಂಚೆಯೇ ಬಸುರಾಗುವ ದಿನಗಳು ಶುರು. ಆಗ ಯೋನಿಯ ಸ್ರಾವ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಎಳೆ ಬರುತ್ತದೆ. ಹಾಸಿಗೆ ಬಿಡುವ ಮುನ್ನವೇ ದಿನಾ ಮೈಬಿಸಿ ನೋಡಿ ಬರೆಯಬೇಕು. ಅದು ಸುಮಾರು 0.2 ಡಿಗ್ರಿ ಸೆಲ್ಸಿಯಸ್ ಏರಿ ಮೂರು ದಿನ ನಿಂತರೆ, ಸ್ರಾವವೂ ಬತ್ತಿದರೆ, ಅಂಡದ ಕಾಲ ಮುಗಿದಿರಬಹುದು. ಜ್ವರ, ನಿದ್ದೆಗೇಡು ಈ ಲೆಕ್ಕ ಕೆಡಿಸುತ್ತವೆ. ಬಲ್ಲವರ ಬಳಿ ಕೆಲವು ತಿಂಗಳು ಕಲಿಯದೆ ನಂಬಬಾರದು. ಬಸುರು ಅಪಾಯವಾದವರಂತೂ ಇದೊಂದನ್ನೇ ನಂಬಬಾರದು, ಕಾಪರ್ ಟಿಯಂಥ ಗಟ್ಟಿ ದಾರಿಗಳನ್ನು ಡಾಕ್ಟರ ಬಳಿ ಕೇಳಬೇಕು. ಅಲ್ಲಿಯವರೆಗೆ ಕಾಂಡೋಮ್; ರೋಗ ತಡೆಯುವುದೂ ಅದೇ.

ಅತ್ತೆ ಮೂಗು ಮುರಿದಳು. "ನಾನು ಐದು ಹೆತ್ತೆ. ಥರ್ಮಾಮೀಟರ್ ಇಟ್ಕೊಂಡು ಕೂತಿರ್ಲಿಲ್ಲ."

"ಐದೂ ಬೇಕು ಅಂತಲೇ ಹೆತ್ರಾ, ಗೆನೋವೆಫಮ್ಮ?"

ಅತ್ತೆ ಕೂಸಿನ ಟೋಪಿ ಸರಿಮಾಡಿದಳು. "ಮೂರು," ಎಂದಳು. "ಇನ್ನೆರಡು ಯಾವುವು ಅಂತ ರಾಡೆಕ್‌ಗೆ ಮಾತ್ರ ಹೇಳ್ಬೇಡಿ."

ರಾಡೆಕ್ ಅವಳ ಮಗ, ಬೊಗ್ನಾಳ ಗಂಡ. ಅಂದು ಸಂಜೆ ಅವನೇ ಔಷಧಿ ಅಂಗಡಿಗೆ ಹೋಗಿ ಥರ್ಮಾಮೀಟರ್, ಕಾಂಡೋಮ್ ತಂದ. ಬೊಗ್ನಾಳ ತಲೆದಿಂಬಿನ ಪಕ್ಕ ಈಗ ಒಂದು ನೋಟ್‌ಬುಕ್ ಇದೆ. ಅತ್ತೆ ಅದನ್ನು ಮುಟ್ಟುವುದಿಲ್ಲ. ಬರೆದೆಯಾ ಎಂದು ಕೇಳುತ್ತಾಳೆ.

ಅಕ್ಕತಂಗಿಯರೇ, ನೆರೆಯವಳ ಅರ್ಧ ಲೆಕ್ಕವನ್ನು ನಂಬಬೇಡಿ. ಆ ನೆರೆಯವಳು ನಾನಾದರೂ ಸರಿ. ಗಂಡನನ್ನೂ ಕರೆದುಕೊಂಡು ಸೂಲಗಿತ್ತಿಯ ಬಳಿ ಹೋಗಿ, ನಾಚದೆ ಕೇಳಿ, ಕೇಳಿದ್ದನ್ನು ಬರೆದಿಡಿ.

ಮತ್ತೆ ಪರೀಕ್ಷೆ ಮಾಡಲು ಇನ್ನೂ ನಾಲ್ಕು ದಿನವಿದೆ. ಏನು ಬರುತ್ತದೋ ನನಗೆ ಗೊತ್ತಿಲ್ಲ. ಬೊಗ್ನಾಳಿಗೂ ಗೊತ್ತಿಲ್ಲ.